ಹೊದಿಕೆಯ ಬೆಲೆ

ಸೀರೆ ಅಂಗಡಿಯ ಜಮಖಾನದ ಮೇಲೆ ಕುಳಿತ ಯಾವ ಹೆಣ್ಣುಮಗಳಿಗೂ ಒಂದು ಪ್ರಶ್ನೆ ಹೊಸದಲ್ಲ. ಇಷ್ಟು ದುಡ್ಡು ಕೊಡುವುದು ಯಾವುದಕ್ಕೆ? ನೂಲಿಗೋ, ಜರಿಗೋ, ನೇಯ್ದವನ ಕೈಗೋ, ಇಲ್ಲ ಅಂಗಡಿಯ ಹೆಸರಿಗೋ? ಅಂಗಡಿಯವನು ಹಾಡಿ ಹೊಗಳಿದಷ್ಟೂ ನಾವು ಸೆರಗನ್ನು ತಿರುಗಿಸಿ ಹಿಂಬದಿಯ ನೇಯ್ಗೆ ನೋಡುತ್ತೇವೆ. ಈ ಅಭ್ಯಾಸ ಒಳ್ಳೆಯದು. ಇದನ್ನು ನಮಗೆ ಸಂಬಂಧವೇ ಇಲ್ಲದಂತೆ ಕಾಣುವ ಒಂದು ಗಂಡಸರ ವಸ್ತುವಿನ ಮೇಲೂ ಒಮ್ಮೆ ಪ್ರಯೋಗಿಸಿ ನೋಡಬೇಕೆಂಬ ಆಸೆ ನನಗೆ.

ಆ ವಸ್ತು ಸಿಗಾರ್. ಹಳೆಯ ತಲೆಮಾರಿನವರು ಚುಟ್ಟಾ ಎನ್ನುತ್ತಿದ್ದುದರ ಶ್ರೀಮಂತ ನಂಟ. ಅದರಲ್ಲೂ ನಾನು ಹೇಳಹೊರಟಿರುವುದು ಎರಡು ಹೊದಿಕೆಯ ಸಿಗಾರ್. ತೆಳು ಹೊಂಬಣ್ಣದ ಒಂದು ಎಲೆ, ಕಾಫಿಪುಡಿ ಬಣ್ಣದ ಇನ್ನೊಂದು ಎಲೆ, ಇವೆರಡರ ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟು ಸುರುಳಿಯಾಗಿ ಸುತ್ತಿರುತ್ತಾರೆ. ಪಶ್ಚಿಮ ದೇಶಗಳಲ್ಲಿ ಕ್ಷೌರದಂಗಡಿಯ ಮುಂದೆ ಕೆಂಪು ಬಿಳಿ ಪಟ್ಟೆಯ ಕಂಬ ನಿಲ್ಲಿಸುವ ರೂಢಿಯುಂಟು. ಆ ಹೋಲಿಕೆಯಿಂದ ಅಮೆರಿಕದವರು ಇದಕ್ಕೆ ‘ಬಾರ್ಬರ್ ಪೋಲ್’ ಎಂದು ಹೆಸರಿಟ್ಟಿದ್ದಾರೆ. ಅಲ್ಲಿನ ಅಂಗಡಿಗಳಲ್ಲಿ ಒಳ್ಳೆಯ ಜಾತಿಯದ್ದು ಒಂದಕ್ಕೆ ಹತ್ತು, ಹದಿನೈದು ಡಾಲರ್ ಬೀಳುವುದು ಸಾಮಾನ್ಯ. ಒಂದು ಗಂಟೆ ಸೇದಿದರೆ ಬೂದಿ. ಇದಕ್ಕೆ ಈ ಬೆಲೆ ತಕ್ಕದ್ದೇ ಎಂಬುದು ಸೇದುವವರ ನಡುವೆ ಮುಗಿಯದ ಚರ್ಚೆ.

ನಮ್ಮ ಮನೆಯಲ್ಲಿ ಯಾರೂ ಸೇದುವವರಿಲ್ಲ, ಸೇದಲಿ ಎಂಬ ಬಯಕೆಯೂ ನನಗಿಲ್ಲ. ಹಾಗಿದ್ದೂ ನಮಗೇಕೆ ಇದರ ಗೊಡವೆ ಎಂದರೆ, ಈ ಬೆಲೆಯ ಬೆನ್ನು ಹತ್ತಿ ಹೋದಂತೆಲ್ಲ ದಾರಿಯುದ್ದಕ್ಕೂ ಎದುರಾಗುವುದು ಹೆಂಗಸರ ಕೈಗಳು. ಸುಮಾತ್ರಾ, ಅಮೆರಿಕ, ಸ್ಪೇನ್, ಕ್ಯೂಬಾಗಳನ್ನು ದಾಟಿ ಆ ದಾರಿ ಕೊನೆಗೆ ನಮ್ಮ ಕರಾವಳಿಯ ಮನೆಗಳ ಜಗಲಿಗೂ ಬಂದು ತಲುಪುತ್ತದೆ.

ಮೊದಲು ವಸ್ತುವನ್ನು ಬಿಚ್ಚಿ ನೋಡೋಣ. ಸಿಗಾರಿನಲ್ಲಿ ಮೂರು ಭಾಗ. ಒಳಗೆ ಹೂರಣದಂತೆ ಉದ್ದುದ್ದ ಮಡಿಸಿದ ತಂಬಾಕಿನ ಎಲೆಗಳು. ಅವು ಬಿಚ್ಚಿಕೊಳ್ಳದಂತೆ ಹಿಡಿದಿಡಲು ಒಂದು ಗಟ್ಟಿ ಎಲೆ. ಇವೆರಡರ ಮೇಲೆ, ಹೋಳಿಗೆಯ ಕಣಕದ ಹಾಗೆ, ತೆಳ್ಳಗೆ ನಯವಾಗಿ ಎಳೆದು ಸುತ್ತಿದ ಹೊದಿಕೆ ಎಲೆ. ಹೋಳಿಗೆ ಮಾಡಿದವರಿಗೆ ಗೊತ್ತು, ಹೂರಣ ಎಷ್ಟೇ ರುಚಿಯಾಗಿದ್ದರೂ ಕಣಕ ಹರಿದರೆ ಮಾನ ಹೋಯಿತು. ಸಿಗಾರಿನಲ್ಲೂ ಹಾಗೆಯೇ. ಹೊದಿಕೆಯಲ್ಲಿ ತೂತಿರಬಾರದು, ಕಲೆ ಇರಬಾರದು, ನರ ಎದ್ದು ಕಾಣಬಾರದು, ಬಣ್ಣ ಒಂದೇ ಸಮನಾಗಿರಬೇಕು, ಎಳೆದರೆ ಹರಿಯಬಾರದು. ಗಿಡದಲ್ಲಿ ಬೆಳೆದ ಎಲೆಗಳಲ್ಲಿ ಈ ಪರೀಕ್ಷೆಯಲ್ಲಿ ತೇರ್ಗಡೆಯಾಗುವುದು ಸ್ವಲ್ಪವೇ. ತೂಕದಲ್ಲಿ ಹೊದಿಕೆಯ ಪಾಲು ತೀರಾ ಕಡಿಮೆ, ಬೆಲೆಯಲ್ಲಿ ಅದರ ಪಾಲು ಎಲ್ಲಕ್ಕಿಂತ ಮೇಲು.

ಬಣ್ಣ ಹಚ್ಚಿ ಬರಿಸುವುದಲ್ಲ. ಬಿಸಿಲು, ನೆರಳು, ಕೊಯ್ದ ಮೇಲೆ ಒಣಗಿಸುವ ರೀತಿ, ರಾಶಿ ಹಾಕಿ ಹುದುಗು ಬರಿಸುವ ಕಾಲ, ಇವುಗಳಿಂದ ಎಲೆಗೆ ಬಣ್ಣ ಏರುತ್ತದೆ. ತೇವವಿರುವ ಎಲೆಗಳನ್ನು ಆಳೆತ್ತರ ಪೇರಿಸಿಟ್ಟರೆ ಒಳಗೆ ತಾನೇ ಕಾವು ಹುಟ್ಟುತ್ತದೆ. ಕಾವು ಮಿತಿ ಮೀರುವ ಮೊದಲು ರಾಶಿಯನ್ನು ಕೆಡವಿ, ಒಳಗಿನದನ್ನು ಹೊರಗೆ ಮಾಡಿ ಮತ್ತೆ ಪೇರಿಸಬೇಕು. ನೆರಳಲ್ಲಿ ಬೆಳೆದ ತೆಳು ಎಲೆ ಹೊಂಬಣ್ಣಕ್ಕೆ ಬರುತ್ತದೆ. ಬಿಸಿಲುಂಡ ದಪ್ಪ ಎಲೆಯನ್ನು ಹೆಚ್ಚು ಕಾಲ ಹುದುಗಿಟ್ಟರೆ ಕಪ್ಪಿಗೆ ತಿರುಗುತ್ತದೆ. ಹಸಿರೆಲೆಯನ್ನು ಬೆಂಕಿಯ ಕಾವಿನಲ್ಲಿ ಬೇಗ ಒಣಗಿಸಿದರೆ ಹಸಿರಾಗಿಯೇ ಉಳಿಯುತ್ತದೆ.

ಎರಡು ಹೊದಿಕೆಯ ಕಷ್ಟ ಇಲ್ಲಿಂದ ಶುರು. ತೆಳು ಎಲೆಯ ಹದ ಒಂದು, ದಪ್ಪ ಎಲೆಯ ಹದ ಇನ್ನೊಂದು. ಒಂದು ಹೆಚ್ಚು ಹಿಗ್ಗುತ್ತದೆ, ಒಂದು ಕಡಿಮೆ. ತೇವವೂ ಎರಡಕ್ಕೆ ಒಂದೇ ಪ್ರಮಾಣದಲ್ಲಿ ಸಾಲದು. ಎರಡನ್ನೂ ಒಂದೇ ಅಗಲದ ಪಟ್ಟಿಯಾಗಿ ಕತ್ತರಿಸಿ, ಅಂಚಿಗೆ ಅಂಚು ಕೂಡಿಸಿ, ಒಂದೇ ಬಿಗಿಯಲ್ಲಿ ತುದಿಯವರೆಗೂ ಸುತ್ತಿ ತರಬೇಕು. ಒಂದೇ ಬಣ್ಣದ ಸಿಗಾರಿನಲ್ಲಿ ಕೂದಲೆಳೆಯಷ್ಟು ಓರೆಯಾದರೆ ಕಣ್ಣಿಗೆ ಬೀಳುವುದಿಲ್ಲ. ಇಲ್ಲಿ ಪಟ್ಟೆ ಕೂಡಲೇ ಚಾಡಿ ಹೇಳುತ್ತದೆ. ಅದಕ್ಕೇ ಈ ಕೆಲಸವನ್ನು ಪಳಗಿದ ಕೈಗೆ ಮಾತ್ರ ಕೊಡುತ್ತಾರೆ, ದಿನಕ್ಕೆ ಆಗುವ ಲೆಕ್ಕವೂ ಕಡಿಮೆ.

ಹೊದಿಕೆಗೆ ಇಷ್ಟು ಬೆಲೆ ಬಂದದ್ದು ಎಲ್ಲಿಂದ? ಇದಕ್ಕೆ ಸುಮಾತ್ರಾ ದ್ವೀಪಕ್ಕೆ ಹೋಗಬೇಕು. 1863ರಲ್ಲಿ ಯಾಕೋಬಸ್ ನಿಯೆನ್‌ಹ್ಯೂಸ್ ಎಂಬ ಡಚ್ಚರವನು ಅಲ್ಲಿನ ದೆಲಿ ಎಂಬ ಪ್ರಾಂತದಲ್ಲಿ ತಂಬಾಕು ಹಾಕಿದ. ಬೆಳೆದ ಎಲೆ ತೆಳ್ಳಗೆ, ನಯವಾಗಿ, ರೇಷ್ಮೆಯಂತೆ ಹಿಗ್ಗುವಂತಿತ್ತು. 1869ರಲ್ಲಿ ದೆಲಿ ಕಂಪನಿ ಹುಟ್ಟಿತು. ಆಮ್‌ಸ್ಟರ್‌ಡಾಮಿನ ಹರಾಜಿನಲ್ಲಿ ಈ ಎಲೆಗೆ ವ್ಯಾಪಾರಿಗಳು ಮುಗಿಬಿದ್ದರು. ಒಂದು ಬೆಳೆ ತೆಗೆದ ನೆಲವನ್ನು ಏಳೆಂಟು ವರ್ಷ ಬೀಳುಬಿಟ್ಟು, ಅಷ್ಟರಲ್ಲಿ ಹೊಸ ಕಾಡು ಕಡಿದು ತೋಟ ಮಾಡುತ್ತಿದ್ದರು.

ಕಾಡು ಕಡಿಯುವವರು ಯಾರು? ಚೀನಾದಿಂದ, ಜಾವಾದಿಂದ ಕರಾರಿನ ಕೂಲಿಗಳನ್ನು ಹಡಗಿನಲ್ಲಿ ತುಂಬಿ ತಂದರು. ರಸ್ತೆ ಮಾಡಲು, ಗಾಡಿ ಹೊಡೆಯಲು ತಮಿಳುನಾಡಿನಿಂದಲೂ ಜನ ಹೋದರು. 1880ರಲ್ಲಿ ಡಚ್ ಸರಕಾರ ಒಂದು ಕಾನೂನು ತಂದಿತು. ಕರಾರು ಮುರಿದು ಕೆಲಸ ಬಿಟ್ಟು ಹೋದ ಕೂಲಿ ಅಪರಾಧಿ, ಅವನನ್ನು ಹಿಡಿದು ಶಿಕ್ಷಿಸಬಹುದು ಎಂದಿತು ಅದು. ಜಾವಾದಿಂದ ಬಂದ ಹೆಂಗಸರ ಕೂಲಿ ಗಂಡಸರದ್ದಕ್ಕಿಂತಲೂ ಕಡಿಮೆ. ಆ ದುಡ್ಡಿನಲ್ಲಿ ಹೊಟ್ಟೆ ಹೊರೆಯಲಾಗದೆ ಎಷ್ಟೋ ಮಂದಿ ಮೈ ಮಾರಿಕೊಳ್ಳುವ ಸ್ಥಿತಿಗೆ ಬಂದರು. 1902ರಲ್ಲಿ ಮೇದಾನಿನ ವಕೀಲ ವಾನ್ ಡೆನ್ ಬ್ರಾಂಡ್ ಈ ತೋಟಗಳ ಕ್ರೌರ್ಯವನ್ನು ಬಯಲಿಗೆಳೆದು ಪುಸ್ತಿಕೆ ಬರೆದ. ಗದ್ದಲವೆದ್ದು ಸರಕಾರ ರೆಮ್ರೆವ್ ಎಂಬ ಅಧಿಕಾರಿಯಿಂದ ವಿಚಾರಣೆ ಮಾಡಿಸಿತು. ಬಂದ ವರದಿ ಎಷ್ಟು ಕಹಿಯಾಗಿತ್ತೆಂದರೆ ಅದನ್ನು ಪ್ರಕಟಿಸಲೇ ಇಲ್ಲ. 1987ರಲ್ಲಿ ಯಾನ್ ಬ್ರೆಮಾನ್ ಎಂಬ ವಿದ್ವಾಂಸರು ಅದನ್ನು ಅಚ್ಚಿಗೆ ತಂದ ಮೇಲೆಯೇ ಲೋಕ ಅದನ್ನು ಓದಿದ್ದು. ಎಂಬತ್ತಕ್ಕೂ ಹೆಚ್ಚು ವರ್ಷ ಆ ಕಾಗದ ಕಪಾಟಿನಲ್ಲೇ ಇತ್ತು.

ಇತ್ತ ಅಮೆರಿಕದಲ್ಲಿ ಕನೆಕ್ಟಿಕಟ್ ನದಿಯ ಕಣಿವೆಯ ರೈತರೂ ಹೊದಿಕೆ ಎಲೆ ಬೆಳೆಯುತ್ತಿದ್ದರು. ಸುಮಾತ್ರಾದ ಎಲೆ ಬಂದು ಅವರ ಮಾರುಕಟ್ಟೆಗೆ ಕಲ್ಲು ಹಾಕಿತು. ಅವರು ಸರಕಾರದ ಬಾಗಿಲು ತಟ್ಟಿದರು. 1890ರ ಮೆಕಿನ್ಲಿ ಸುಂಕದ ಕಾನೂನು ಹೊದಿಕೆ ಎಲೆಯ ಮೇಲೆ ಪೌಂಡಿಗೆ 2 ಡಾಲರ್ ಸುಂಕ ಹಾಕಿತು. ನರ ತೆಗೆದ ಎಲೆಯಾದರೆ 2 ಡಾಲರ್ 75 ಸೆಂಟ್. ಒಳಗೆ ತುಂಬುವ ಎಲೆಗೆ? ಬರೀ 35 ಸೆಂಟ್. ಹೂರಣಕ್ಕಿಂತ ಕಣಕದ ತೆರಿಗೆ ಸುಮಾರು ಆರು ಪಟ್ಟು! ‘ಹೊದಿಕೆಯೆಂದರೆ ದುಬಾರಿ’ ಎಂಬ ಮಾತಿಗೆ ಹೀಗೆ ಸರಕಾರದ ಮುದ್ರೆಯೂ ಬಿತ್ತು.

ಸುಂಕವೊಂದೇ ಸಾಲದೆಂದು 1900ರಲ್ಲಿ ಕನೆಕ್ಟಿಕಟ್‌ನ ವಿಂಡ್ಸರ್ ಊರಿನಲ್ಲಿ ಹೊಸ ಉಪಾಯ ಹೂಡಿದರು. ಸುಮಾತ್ರಾದ ಬೀಜ ತಂದು ಬಿತ್ತಿ, ಅಲ್ಲಿನ ಮೋಡದ ನೆರಳನ್ನು ಅನುಕರಿಸಲು ಹೊಲದ ಮೇಲೆ ತೆಳು ಬಟ್ಟೆಯ ಚಪ್ಪರ ಹಾಕಿದರು. ಮುಂದೆ ಎಕರೆಗಟ್ಟಲೆ ಹೊಲಗಳು ಬಿಳಿ ಬಟ್ಟೆಯಡಿ ಮಲಗಿದವು. ಗಂಡಾಳುಗಳು ನೆಲದ ಮೇಲೆ ತೆವಳುತ್ತ ಎಲೆ ಕೀಳುವರು. ಕಿತ್ತ ಎಲೆ ಕಣಜಕ್ಕೆ ಬಂದರೆ ಅಲ್ಲಿ ಹೆಂಗಸರು, ಹುಡುಗಿಯರು ಸಾಲಾಗಿ ನಿಂತು ಸೂಜಿದಾರದಿಂದ ಎಲೆಗಳನ್ನು ಪೋಣಿಸಿ ಕೋಲಿಗೆ ಕಟ್ಟುವರು. ನಾವು ಮಲ್ಲಿಗೆ ಕಟ್ಟುವ ಹಾಗೆ ಎನ್ನಬಹುದು, ಆದರೆ ದಿನವಿಡೀ, ಲೆಕ್ಕಕ್ಕೆ ತಕ್ಕ ಕೂಲಿಗೆ. ಎರಡನೇ ಮಹಾಯುದ್ಧದಲ್ಲಿ ಆಳುಗಳು ಸಾಲದೆ ದಕ್ಷಿಣ ರಾಜ್ಯಗಳ ಕರಿಯ ವಿದ್ಯಾರ್ಥಿಗಳನ್ನು ಬೇಸಿಗೆಯ ಕೆಲಸಕ್ಕೆ ಕರೆಸಿದರು. 1944ರಲ್ಲಿ ಸಿಮ್ಸ್‌ಬರಿಯ ತೋಟಕ್ಕೆ ಹಾಗೆ ಬಂದ ಹದಿನೈದು ವರ್ಷದ ಹುಡುಗನೊಬ್ಬ, ಇಲ್ಲಿ ಬಿಳಿಯರು ಊಟ ಮಾಡುವ ಹೋಟೆಲಿನಲ್ಲೇ ನಾವೂ ಕುಳಿತು ಉಣ್ಣಬಹುದು ಎಂದು ಅಚ್ಚರಿಪಟ್ಟು ಮನೆಗೆ ಕಾಗದ ಬರೆದ. ಆತ ಮಾರ್ಟಿನ್ ಲೂಥರ್ ಕಿಂಗ್. 1947ರ ಬೇಸಿಗೆಯಲ್ಲೂ ಆತ ಅಲ್ಲಿ ದುಡಿದರು.

ಸುಮಾತ್ರಾದ ಆ ಕರಾಳ ಕಾನೂನು ಹೋದದ್ದು ಹೇಗೆಂಬುದೂ ಕೇಳಬೇಕಾದ ಕಥೆ. 1930ರಲ್ಲಿ ಅಮೆರಿಕ, ಶಿಕ್ಷೆಯ ಭಯದಿಂದ ಮಾಡಿಸಿದ ದುಡಿಮೆಯ ಸರಕು ನಮ್ಮ ದೇಶಕ್ಕೆ ಬೇಡ ಎಂಬ ಕಲಮನ್ನು ಸುಂಕದ ಕಾನೂನಿಗೆ ಸೇರಿಸಿತು. ಅಮೆರಿಕದ ಗಿರಾಕಿ ಕೈತಪ್ಪುವ ಭಯಕ್ಕೆ ದೆಲಿಯ ತಂಬಾಕು ತೋಟದವರು 1931ರಲ್ಲಿ ಶಿಕ್ಷೆಯ ಷರತ್ತನ್ನು ತಾವಾಗಿಯೇ ಕೈಬಿಟ್ಟರು. ಐವತ್ತು ವರ್ಷ ಕೂಲಿಗಳ ಕೂಗಿಗೆ ಕರಗದವರು ವ್ಯಾಪಾರದ ನಷ್ಟಕ್ಕೆ ಕರಗಿದರು. ಕೊಳ್ಳುವವರ ಕೈಯಲ್ಲಿ ಎಂಥ ಶಕ್ತಿ ಇದೆ ಎನ್ನುವುದಕ್ಕೆ ಇದು ಸಾಕ್ಷಿ.

ಎಲೆಯ ಕಥೆ ಇದಾಯಿತು. ಇನ್ನು ಸುತ್ತುವ ಕೈಗಳ ಕಥೆ. ಸ್ಪೇನಿನ ಸೆವಿಲ್ ಪಟ್ಟಣದಲ್ಲಿ ಹದಿನೆಂಟನೇ ಶತಮಾನದಲ್ಲಿ ಕಟ್ಟಿದ ಅರಮನೆಯಂಥ ತಂಬಾಕು ಕಾರ್ಖಾನೆಯಿದೆ. ಈಗ ಅದು ವಿಶ್ವವಿದ್ಯಾನಿಲಯ. ಮೊದಲು ಗಂಡಸರೇ ಇದ್ದ ಆ ಕಾರ್ಖಾನೆಗೆ ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಹೆಂಗಸರು ಬಂದರು. ಅವರ ಬೆರಳು ಸೂಕ್ಷ್ಮ ಎಂಬುದು ಒಂದು ಕಾರಣ, ಕೂಲಿ ಕಡಿಮೆ ಎಂಬುದು ಇನ್ನೊಂದು. ಬರಬರುತ್ತ ಸಾವಿರಾರು ಹೆಂಗಸರು ಅಲ್ಲಿ ಸಿಗಾರ್ ಸುತ್ತಿದರು. ಫ್ರೆಂಚ್ ಲೇಖಕ ಮೆರಿಮೆ 1845ರಲ್ಲಿ ಬರೆದ ‘ಕಾರ್ಮೆನ್’ ಕಥೆಯ ನಾಯಕಿ ಈ ಕಾರ್ಖಾನೆಯವಳೇ. 1875ರಲ್ಲಿ ಬಿಝೆ ಅದನ್ನು ಸಂಗೀತ ನಾಟಕ ಮಾಡಿದ ಮೇಲಂತೂ ಸಿಗಾರ್ ಸುತ್ತುವವಳೆಂದರೆ ಗಂಡಸರನ್ನು ಮರುಳುಮಾಡುವ ಜಗಳಗಂಟಿ ಎಂದೇ ಲೋಕ ನಂಬಿತು. ಅದೇ ಸೆವಿಲ್‌ನ ವಸ್ತುಸಂಗ್ರಹಾಲಯದಲ್ಲಿ ಗೊಂಝಾಲೊ ಬಿಲ್ಬಾವೊ 1915ರಲ್ಲಿ ಬರೆದ ದೊಡ್ಡ ಚಿತ್ರವೊಂದಿದೆ. ಕಾರ್ಖಾನೆಯ ಸಾಲಿನ ನಡುವೆ ಒಬ್ಬ ಕೆಲಸಗಾರ್ತಿ ಕೂಸಿಗೆ ಹಾಲೂಡಿಸುತ್ತಿದ್ದಾಳೆ, ಸುತ್ತ ಕುಳಿತವರು ನಗುಮುಖದಿಂದ ನೋಡುತ್ತಿದ್ದಾರೆ. ನಾಟಕದ ಕಾರ್ಮೆನ್‌ಳನ್ನು ಜಗತ್ತೆಲ್ಲ ಬಲ್ಲದು, ಈ ತಾಯಿಯನ್ನು ಬಲ್ಲವರು ಕಡಿಮೆ.

ಕ್ಯೂಬಾದ ಬಗ್ಗೆಯೂ ಇಂಥದೇ ಒಂದು ಕಟ್ಟುಕಥೆಯಿದೆ. ಅಲ್ಲಿ ಚೆಲುವೆಯರು ತೊಡೆಯ ಮೇಲೆ ಸಿಗಾರ್ ಹೊಸೆಯುತ್ತಾರಂತೆ! ಸಿಗಾರ್ ಸುತ್ತಲು ಹಲಗೆ, ಬಾಗಿದ ಅಲಗಿನ ಕತ್ತಿ, ಒಂದಿಷ್ಟು ಅಂಟು ಬೇಕು. ತೊಡೆಯ ಮೇಲೆ ಆಗುವ ಕೆಲಸವಲ್ಲ. ಸುತ್ತುವವರು ಬಹುಕಾಲ ಹೆಚ್ಚಾಗಿ ಗಂಡಸರೇ ಆಗಿದ್ದರು. ಹೆಂಗಸರು ಮಾಡುತ್ತಿದ್ದುದು ಎಲೆಯ ನಡುನರ ಬಿಡಿಸುವ, ಎಲೆಗಳನ್ನು ಮಡಿಲಲ್ಲಿ ಹರಡಿಕೊಂಡು ಬಣ್ಣಬಣ್ಣಕ್ಕೆ ವಿಂಗಡಿಸುವ ಕೆಲಸ. ಕಟ್ಟುಕಥೆ ಹುಟ್ಟಿದ್ದು ಬಹುಶಃ ಆ ಮಡಿಲಿನಿಂದಲೇ. ಕಂದು ಬಣ್ಣ ಒಂದೇ ಎಂದು ನಮಗೆ ಕಂಡಲ್ಲಿ ಅವರ ಕಣ್ಣಿಗೆ ಹತ್ತಾರು ಛಾಯೆ. ಎರಡು ಬಣ್ಣದ ಸಿಗಾರಿನ ಅಂದವೆಲ್ಲ ಈ ಕಣ್ಣಿನ ಕೃಪೆ. ಸುತ್ತುವವನ ಹೆಸರು ಕುಶಲಕರ್ಮಿಯ ಪಟ್ಟಿಗೆ ಹೋಯಿತು, ವಿಂಗಡಿಸುವವಳದ್ದು ಕೂಲಿಯ ಪಟ್ಟಿಗೆ. 1960ರ ದಶಕದಲ್ಲಿ ಹವಾನಾದ ಎಲ್ ಲಗೀತೊ ಎಂಬ ಬಂಗಲೆಯಲ್ಲಿ ಹೆಂಗಸರಿಗೆ ಸುತ್ತುವ ತರಬೇತಿ ಕೊಟ್ಟರು. ಮುಂದೆ ಜಗತ್ತಿನ ಅತಿ ದುಬಾರಿ ಸಿಗಾರುಗಳಲ್ಲಿ ಒಂದಾದ ಕೊಹಿಬಾ ಅವರ ಕೈಯಲ್ಲಿ ಬೆಳೆಯಿತು.

ಕ್ಯೂಬಾದ ಕಾರ್ಖಾನೆಗಳಲ್ಲಿ ನನಗೆ ಬಹಳ ಇಷ್ಟವಾದದ್ದು ಓದುವವರ ಪದ್ಧತಿ. 1865ರಲ್ಲಿ ಹವಾನಾದ ಎಲ್ ಫಿಗಾರೊ ಕಾರ್ಖಾನೆಯಲ್ಲಿ ಅದು ಶುರುವಾಯಿತು. ಕೆಲಸಗಾರರು ತಮ್ಮ ಕೂಲಿಯಿಂದ ಪಾಲು ಹಾಕಿ ಒಬ್ಬನಿಗೆ ಸಂಬಳ ಕೊಡುವರು, ಆತ ಎತ್ತರದ ಪೀಠದಲ್ಲಿ ಕುಳಿತು ಬೆಳಿಗ್ಗೆ ಪತ್ರಿಕೆ, ಮಧ್ಯಾಹ್ನ ಕಾದಂಬರಿ ಓದುವನು. ಕೈಗೆ ಕೆಲಸ, ಕಿವಿಗೆ ಕಥೆ. ಅಕ್ಷರ ಬಾರದವರೂ ಡ್ಯೂಮಾ, ಹ್ಯೂಗೋ ಬಲ್ಲವರಾದರು. ಆಳುವವರು ಹೆದರಿ ಮರುವರ್ಷವೇ ನಿಷೇಧಿಸಿದರೂ ಪದ್ಧತಿ ಸಾಯಲಿಲ್ಲ. ‘ಮಾಂಟೆಕ್ರಿಸ್ಟೊ’ ಎಂಬ 1935ರ ಪ್ರಸಿದ್ಧ ಸಿಗಾರಿನ ಹೆಸರು ಹೀಗೆ ಓದಿಸಿಕೊಂಡ ಡ್ಯೂಮಾನ ಕಾದಂಬರಿಯದ್ದೇ. ಕ್ಯೂಬಾದವರು ವಲಸೆ ಹೋಗಿ ನೆಲೆಸಿದ ಫ್ಲಾರಿಡಾದ ಟ್ಯಾಂಪಾದಲ್ಲಿ ಮಾಲೀಕರು 1931ರಲ್ಲಿ ಓದುವವರನ್ನು ಹೊರಹಾಕಿದರು, ಅವರ ಜಾಗಕ್ಕೆ ರೇಡಿಯೋ ಬಂತು. ಕ್ಯೂಬಾದಲ್ಲಿ ಮಾತ್ರ ಓದು ಉಳಿದುಬಂದಿದೆ, ಈಗ ಆ ಪೀಠದಲ್ಲಿ ಹೆಂಗಸರೂ ಕೂರುತ್ತಾರೆ.

ಎಲ್ಲರಿಗೂ ಕಾರ್ಖಾನೆಯ ಬೆಳಕು, ಓದು ಸಿಗಲಿಲ್ಲ. ನ್ಯೂಯಾರ್ಕಿನಲ್ಲಿ ಬೊಹಿಮಿಯಾದಿಂದ ವಲಸೆ ಬಂದ ಕುಟುಂಬಗಳು ಕಿಷ್ಕಿಂಧೆಯಂಥ ವಠಾರದ ಕೋಣೆಗಳಲ್ಲೇ ಸಿಗಾರ್ ಸುತ್ತುತ್ತಿದ್ದವು. ಅಡಿಗೆ, ನಿದ್ದೆ, ಬಾಣಂತನ, ತಂಬಾಕಿನ ಧೂಳು ಎಲ್ಲ ಒಂದೇ ಕೋಣೆಯಲ್ಲಿ. ಸಿಗಾರ್ ಕಾರ್ಮಿಕನಾಗಿದ್ದು ಮುಂದೆ ದೊಡ್ಡ ನಾಯಕನಾದ ಸ್ಯಾಮ್ಯುಯೆಲ್ ಗಾಂಪರ್ಸ್ ಇದರ ವಿರುದ್ಧ ಹೋರಾಡಿದ. 1884ರಲ್ಲಿ ವಠಾರದ ಮನೆಗಳಲ್ಲಿ ಸಿಗಾರ್ ಮಾಡಿಸಬಾರದೆಂದು ಕಾನೂನಾಯಿತು. 1885ರಲ್ಲಿ ಅಲ್ಲಿನ ಉಚ್ಚ ನ್ಯಾಯಪೀಠ ಅದನ್ನು ರದ್ದು ಮಾಡಿತು. ಮನುಷ್ಯನನ್ನು ಅವನ ಮನೆಯ ಪವಿತ್ರ ಪರಿಸರದಿಂದ ಹೊರಗೆ ದೂಡಿದರೆ ಅವನ ಆರೋಗ್ಯವೂ ನೀತಿಯೂ ಹೇಗೆ ಸುಧಾರಿಸೀತು ಎಂಬುದು ನ್ಯಾಯಾಧೀಶರ ವಾದದ ಒಂದು ಎಳೆ. ಮನೆಯೆಂಬ ಮಾತಿಗೆ ಎಷ್ಟು ಗೌರವ! ಆ ಮನೆಯೊಳಗೆ ಕೆಮ್ಮುತ್ತ ದುಡಿಯುವವಳ ಎದೆಯ ಬಗ್ಗೆ ಅಷ್ಟು ಗೌರವ ಕಾಣಲಿಲ್ಲ.

ಈ ಮಾತು ಓದುವಾಗ ನಮ್ಮ ದಕ್ಷಿಣ ಕನ್ನಡ, ಉಡುಪಿ ಕಡೆಯ ಮನೆಗಳು ಕಣ್ಣಿಗೆ ಕಟ್ಟುತ್ತವೆ. ಮಧ್ಯಪ್ರದೇಶ, ಒಡಿಶಾಗಳ ಕಾಡಿನ ಎಲೆ, ನಿಪ್ಪಾಣಿ, ಗುಜರಾತಿನ ಹೊಗೆಸೊಪ್ಪು, ನಮ್ಮ ಕರಾವಳಿಯ ಹೆಂಗಸರ ಬೆರಳು, ಇವು ಕೂಡಿ ಬೀಡಿಯಾಗುತ್ತದೆ. ಎಲೆಯನ್ನು ನೀರಿನಲ್ಲಿ ಹದಕ್ಕೆ ತಂದು, ಅಳತೆಯಿಟ್ಟು ಕತ್ತರಿಸಿ, ಮಡಿಲ ಮೊರದಲ್ಲಿನ ಹೊಗೆಸೊಪ್ಪಿನ ಚಿಟಿಕೆ ಹಾಕಿ, ಸುರುಳಿ ಮಾಡಿ, ನೂಲು ಬಿಗಿದು, ಬಾಯಿ ಮಡಿಚುವ ಕೆಲಸ ನೋಡುತ್ತ ಕುಳಿತರೆ ಕಣ್ಣಿಗೆ ಕಾಣುವುದು ಬೆರಳಲ್ಲ, ಬೆರಳಿನ ಸುಳಿವು ಮಾತ್ರ. ಸಾವಿರ ಬೀಡಿಗೆ ಇಂತಿಷ್ಟು ಎಂದು ಕೂಲಿ. ಸಾವಿರ ಕಟ್ಟಲು ಮನೆಗೆಲಸದ ನಡುವೆ ಒಂದು ಇಡೀ ದಿನ ಬೇಕು. ಸಂಜೆ ಬೀಡಿ ಬ್ರಾಂಚಿಗೆ ಒಯ್ದರೆ ಅಲ್ಲಿ ಪರೀಕ್ಷೆ. ಓರೆಯಾದದ್ದು, ಸಡಿಲವಾದದ್ದು ಬದಿಗೆ ಬೀಳುತ್ತದೆ. ಸಿಗಾರಿನ ಪಟ್ಟೆ ಓರೆಯಾಯಿತೆಂದು ಬದಿಗೆ ಬೀಳುವ ಹಾಗೆಯೇ. ಒಂದು ಹತ್ತು ಡಾಲರಿನದು, ಇನ್ನೊಂದು ಕೆಲವು ಪೈಸೆಗಳ ಲೆಕ್ಕದ್ದು, ಕಣ್ಣು ಬೇಡುವ ಕೌಶಲ ಎರಡಕ್ಕೂ ಒಂದೇ ಜಾತಿಯದು.

ನಮ್ಮ ಪಾರ್ಲಿಮೆಂಟು 1966ರಲ್ಲಿ ಈ ಎರಡನ್ನೂ ಒಂದೇ ಹೆಸರಿನಡಿ ತಂದಿತು: ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ. ಕಾರ್ಖಾನೆಗೆ ಬರುವವಳಷ್ಟೇ ಅಲ್ಲ, ಮನೆಯಲ್ಲಿ ಕುಳಿತು ಕಟ್ಟಿ ಕೊಡುವವಳೂ ಕಾರ್ಮಿಕಳೇ ಎಂದು ಅದು ಹೇಳಿತು. ಬೀಡಿ ಕಂಪನಿಗಳು ನ್ಯಾಯಾಲಯಕ್ಕೆ ಹೋದವು. 1974ರಲ್ಲಿ ಮಂಗಳೂರು ಗಣೇಶ್ ಬೀಡಿ ವರ್ಕ್ಸ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಕಾಯ್ದೆಯನ್ನು ಎತ್ತಿಹಿಡಿಯಿತು. 1885ರಲ್ಲಿ ನ್ಯೂಯಾರ್ಕಿನ ನ್ಯಾಯಾಲಯ ಮನೆಯ ಹೊಸ್ತಿಲಲ್ಲಿ ಕಾನೂನನ್ನು ತಡೆದು ನಿಲ್ಲಿಸಿತ್ತು. ಎಂಬತ್ತೊಂಬತ್ತು ವರ್ಷಗಳ ತರುವಾಯ ನಮ್ಮ ನ್ಯಾಯಾಲಯ ಅದನ್ನು ಒಳಗೆ ಬಿಟ್ಟಿತು. ಗುರುತಿನ ಚೀಟಿ, ಭವಿಷ್ಯನಿಧಿ ಎಂಬ ಶಬ್ದಗಳು ಕರಾವಳಿಯ ಎಷ್ಟೋ ಹೆಂಗಸರ ಬಾಯಲ್ಲಿ ಬಂದದ್ದು ಬೀಡಿಯಿಂದ. ಹೆಣ್ಣುಮಕ್ಕಳ ಮದುವೆಯ ಚಿನ್ನ, ಗಂಡುಮಕ್ಕಳ ಕಾಲೇಜು ಫೀಸು ಬಂದದ್ದೂ ಅದರಿಂದಲೇ. ಕಾನೂನು ಕಾಗದದಿಂದ ಜಗಲಿಗೆ ಇಳಿಯುವಾಗ ಎಷ್ಟೋ ಸೋರಿಹೋಯಿತು ಎಂಬುದೂ ಅಷ್ಟೇ ನಿಜ.

ಕಾಯ್ದೆ ಜಾರಿಯ ಮಾತು ಬಂದಾಗ ನಮ್ಮ ನೆರೆಯ ಕಣ್ಣೂರಿನಲ್ಲಿ ಮಂಗಳೂರಿನ ಬೀಡಿ ಧಣಿಗಳು ತಮ್ಮ ಶಾಖೆಗಳನ್ನು ಮುಚ್ಚಿದರು. ಕೆಲಸ ಹೋದ ಸಾವಿರಾರು ಜನ 1969ರಲ್ಲಿ ಸೇರಿ ದಿನೇಶ್ ಬೀಡಿ ಎಂಬ ಸಹಕಾರ ಸಂಘ ಕಟ್ಟಿದರು. ಅಲ್ಲಿನ ಬೀಡಿ ಶಾಲೆಗಳಲ್ಲೂ ಒಬ್ಬರು ಪತ್ರಿಕೆ, ಕಾದಂಬರಿ ಗಟ್ಟಿಯಾಗಿ ಓದುವುದು, ಉಳಿದವರು ಕೇಳುತ್ತ ಕಟ್ಟುವುದು ರೂಢಿಯಾಗಿತ್ತು. ಹವಾನಾಕ್ಕೂ ಕಣ್ಣೂರಿಗೂ ಎಲ್ಲಿಂದೆಲ್ಲಿಯ ನೆಂಟಸ್ತಿಕೆ! ಬೆರಳಿಗೆ ಒಂದೇ ಕೆಲಸ ಸಾವಿರ ಸಲ ಬಂದಾಗ ಮನಸ್ಸು ಕಥೆ ಬೇಡುತ್ತದೆ ಎಂಬುದನ್ನು ಎರಡೂ ಕಡೆಯವರು ತಾವೇ ಕಂಡುಕೊಂಡಿದ್ದರು.

ಈಗ ಬೆಲೆಯ ಪ್ರಶ್ನೆಗೆ ಬರೋಣ. 1962ರ ಫೆಬ್ರವರಿಯಲ್ಲಿ ಅಧ್ಯಕ್ಷ ಕೆನೆಡಿ ಕ್ಯೂಬಾದ ಸರಕಿಗೆ ನಿರ್ಬಂಧ ಹಾಕಿದರು. ಸಹಿ ಮಾಡುವ ಮುನ್ನ ತಮಗಾಗಿ 1,200 ಸಿಗಾರ್ ತರಿಸಿಟ್ಟುಕೊಂಡರೆಂದು ಅವರ ಪತ್ರಿಕಾ ಕಾರ್ಯದರ್ಶಿ ಸ್ಯಾಲಿಂಜರ್ 1992ರಲ್ಲಿ ಬರೆದರು. ಸಿಗದ ವಸ್ತುವಿಗೆ ಬೆಲೆ ಏರಿತು. ಕ್ಯೂಬಾ ಬಿಟ್ಟು ಹೋದ ಕಸುಬುದಾರರು ಡೊಮಿನಿಕನ್ ರಿಪಬ್ಲಿಕ್, ನಿಕರಾಗುವಾ, ಹೊಂಡುರಾಸ್‌ಗಳಲ್ಲಿ ಬೀಜ ಬಿತ್ತಿದರು. 1990ರ ದಶಕದಲ್ಲಿ ಅಮೆರಿಕದಲ್ಲಿ ಸಿಗಾರಿನ ಹುಚ್ಚು ಹತ್ತಿತು, ಅದಕ್ಕೆಂದೇ ಹೊಳಪು ಕಾಗದದ ಪತ್ರಿಕೆಗಳು ಬಂದವು. ಹದವಾಗದ ಎಲೆಯನ್ನೂ ಸುತ್ತಿ ದುಬಾರಿ ಹೆಸರಿನಲ್ಲಿ ಮಾರಿದರು. 1997ರ ಸುಮಾರಿಗೆ ಆ ಗುಳ್ಳೆ ಒಡೆಯಿತು. 2022ರಲ್ಲಿ ಕೊಹಿಬಾ, ಟ್ರಿನಿಡಾಡ್ ಹೆಸರಿನ ಕ್ಯೂಬಾ ಸಿಗಾರುಗಳ ಬೆಲೆಯನ್ನು ಲೋಕವಿಡೀ ಒಂದೇ ಮಟ್ಟಕ್ಕೆ ತರುತ್ತೇವೆಂದು ಏರಿಸಿದಾಗ ಎಷ್ಟೋ ದೇಶಗಳಲ್ಲಿ ಅದು ಇಮ್ಮಡಿ, ಅದಕ್ಕೂ ಮೇಲೆ ಹೋಯಿತು. ಆ ರಾತ್ರಿ ಎಲೆ ಬದಲಾಗಿರಲಿಲ್ಲ, ಸುತ್ತುವವಳ ಕೈಯೂ ಬದಲಾಗಿರಲಿಲ್ಲ.

ಎರಡು ಹೊದಿಕೆಯದ್ದನ್ನೇ ತೆಗೆದುಕೊಳ್ಳಿ. ಹೆಸರು ಕೇಳಿದರೆ ಎಲೆ ಇಮ್ಮಡಿ ಹಿಡಿಯುತ್ತದೆ ಎನಿಸುತ್ತದೆ. ಹಾಗಲ್ಲ. ಅಗಲದ ಒಂದು ಪಟ್ಟಿಯ ಬದಲು ಕಿರಿದಾದ ಎರಡು ಪಟ್ಟಿ, ಅಷ್ಟೆ. ಅಂಚು ಕೂಡಿಸಲು ಸ್ವಲ್ಪ, ಕತ್ತರಿಸಿ ಹೋಗುವುದರಲ್ಲಿ ಸ್ವಲ್ಪ, ಹೆಚ್ಚು ಎಲೆ ಬೇಕಾದೀತು. ಹೆಚ್ಚುವರಿ ಇರುವುದು ಮುಖ್ಯವಾಗಿ ಕೈಗೆಲಸ. ರುಚಿಯ ವಿಷಯಕ್ಕೆ ಬಂದರೆ, ಬೆಂಕಿ ಎರಡೂ ಎಲೆಗಳನ್ನು ಒಟ್ಟಿಗೇ ಸುಡುತ್ತದೆ, ಹೊಗೆ ಬೆರೆತೇ ಬಾಯಿಗೆ ಬರುತ್ತದೆ. ಪಟ್ಟೆಯ ಸೊಬಗು ಕಣ್ಣಿನದು, ನಾಲಿಗೆಯದಲ್ಲ. ಆದ್ದರಿಂದ ನನ್ನ ತೀರ್ಮಾನ ಇಷ್ಟು: ಅದೇ ತಯಾರಕರ ಒಂದು ಬಣ್ಣದ ಸಿಗಾರಿಗಿಂತ ಇದಕ್ಕೆ ಒಂದೆರಡು ಡಾಲರ್ ಹೆಚ್ಚು ಕೇಳಿದರೆ ಅದು ಕೈಗೆಲಸದ ನ್ಯಾಯವಾದ ಬೆಲೆ. ಇಮ್ಮಡಿ ಕೇಳಿದರೆ ಅದು ಹೆಸರಿನ ಬೆಲೆ. ಆ ಒಂದೆರಡು ಡಾಲರ್ ಸುತ್ತಿದವಳ ಕೈಗೇ ಸೇರುತ್ತದೆ ಎಂದು ಮಾತ್ರ ಯಾರೂ ಭಾವಿಸಬಾರದು. ತೆರಿಗೆ, ಸಾಗಾಟ, ಅಂಗಡಿಯ ಲಾಭ ಎಲ್ಲವನ್ನೂ ದಾಟಿ ಹಿಂದಿರುಗುವಷ್ಟರಲ್ಲಿ ಅದು ಬಹಳ ಸವೆದಿರುತ್ತದೆ.

ಪೆಟ್ಟಿಗೆಯ ಮೇಲೆ ಬರೆಯದ ಬೆಲೆಯೂ ಒಂದುಂಟು. ಅಮೆರಿಕದ ಅಧ್ಯಕ್ಷರಾಗಿದ್ದ ಗ್ರಾಂಟ್ ಎಡೆಬಿಡದೆ ಸಿಗಾರ್ ಸೇದುತ್ತಿದ್ದವರು, 1885ರಲ್ಲಿ ಗಂಟಲಿನ ಕ್ಯಾನ್ಸರಿನಿಂದ ತೀರಿಕೊಂಡರು. ಮನಶ್ಶಾಸ್ತ್ರಜ್ಞ ಫ್ರಾಯ್ಡ್ ದವಡೆಯ ಕ್ಯಾನ್ಸರಿಗೆ ಮೂವತ್ತಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರೂ ಸಿಗಾರ್ ಬಿಡಲಿಲ್ಲ. ಹೊಗೆಯನ್ನು ಎದೆಗೆ ಎಳೆಯದಿದ್ದರೂ ಬಾಯಿ, ಗಂಟಲು ಅದನ್ನು ಉಣ್ಣುತ್ತವೆ. ಸೇದುವವರು ಈ ಬೆಲೆಯನ್ನು ತಾವು ಆರಿಸಿಕೊಂಡು ತೆರುತ್ತಾರೆ. ಒದ್ದೆ ತಂಬಾಕಿನೆಲೆ ಕೀಳುವವರಿಗೆ ವಿಷ ಚರ್ಮದ ಮೂಲಕವೇ ಇಳಿದು ತಲೆಸುತ್ತು, ವಾಂತಿ ಬರುತ್ತದೆ. ಮೊರವನ್ನು ಮಡಿಲಲ್ಲಿಟ್ಟುಕೊಂಡವಳ ಮೂಗಿಗೆ ದಿನವೆಲ್ಲ ಧೂಳು. ಇವರು ಆರಿಸಿಕೊಂಡದ್ದು ಕೂಲಿಯನ್ನು, ಧೂಳನ್ನಲ್ಲ.

ಈಗ ಕರಾವಳಿಯಲ್ಲಿ ಬೀಡಿ ಕಟ್ಟುವ ಹೊಸ ಹುಡುಗಿಯರು ಕಡಿಮೆ. ತಾಯಂದಿರು ಬೀಡಿಯ ದುಡ್ಡಿನಲ್ಲಿ ಓದಿಸಿದ ಮಕ್ಕಳು ನರ್ಸುಗಳು, ಟೀಚರುಗಳು ಆಗಿದ್ದಾರೆ. ಹೊಗೆಸೊಪ್ಪಿನ ಧಂದೆ ಇಳಿಮುಖವಾಗುವುದು ಒಳ್ಳೆಯದೇ. ಆದರೆ ವಯಸ್ಸಾದ ಹೆಂಗಸರು ಎಷ್ಟೋ ಮನೆಗಳಲ್ಲಿ ಈಗಲೂ ಕಟ್ಟುತ್ತಿದ್ದಾರೆ. ಅವರಿಗೆ ಬೇರೆ ಕಸುಬು ಕಲಿಸುವವರು ಯಾರು, ಸವೆದ ಬೆರಳಿಗೆ ಪಿಂಚಣಿ ಎಷ್ಟು ಎಂದು ಯಾರೂ ಕೇಳುವುದಿಲ್ಲ. ಎರಡು ಬಣ್ಣದ ಆ ಸಿಗಾರಿನ ಬೆಲೆ ತಕ್ಕದ್ದೇ ಎಂದು ಚರ್ಚಿಸುವ ಜನರಿಗೆ ಕೊರತೆಯಿಲ್ಲ. ಸಾವಿರ ಬೀಡಿಯ ಕೂಲಿ ತಕ್ಕದ್ದೇ ಎಂಬ ಚರ್ಚೆಯನ್ನಾದರೂ ನಾವು ಹೆಂಗಸರು ಶುರುಮಾಡಬಹುದು.